ಅರವತ್ತು ಅಸಿಸ್ಟ್ ಬಿಟ್ಟಿ ಸಿಕ್ಕವಲ್ಲ

ಟೊರೊಂಟೊದಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: "ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಮೊದಲ ವರ್ಷದ ಡಿಫೆಂಡರ್‌ಗಳು ಎಂಬತ್ತರ ದಶಕದಲ್ಲಿ ಬರೆದ ದಾಖಲೆಗಳನ್ನು ಈಗಿನ ಹುಡುಗರು ಮುರಿಯಲಾರರು. ಮಾಂಟ್ರಿಯಲ್‌ನ ಲೇನ್ ಹಟ್ಸನ್‌ನನ್ನು ಎಲ್ಲರೂ ಹೊಗಳುತ್ತಾರೆ. 2024-25ರ ಅವನ 66 ಪಾಯಿಂಟ್‌ನಲ್ಲಿ (ಗೋಲಿಗೊಂದು, ಗೋಲಿಗೆ ದಾರಿ ಮಾಡಿಕೊಟ್ಟ ಅಸಿಸ್ಟ್‌ಗೊಂದು) ಗೋಲು ಆರೇ ಆರು. ಉಳಿದದ್ದೆಲ್ಲ ಅಸಿಸ್ಟ್. ಅದೂ ಒಂದು ಸಾಧನೆಯೇ?"

ಸಂಪಾದಕರು: ಗೋಲಿನ ವಿಷಯದಲ್ಲಿ ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. 1988-89ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ಬ್ರಯಾನ್ ಲೀಚ್ ಹೊಡೆದ 23 ಗೋಲು 2024-25ರ ಋತು ಮುಗಿದಾಗಲೂ ಅಲ್ಲಾಡದೆ ನಿಂತಿತ್ತು. ಆಗಿನ ಗೋಲ್‌ಕೀಪರ್‌ಗಳು ಹೆಚ್ಚಾಗಿ ನಿಂತೇ ತಡೆಯುತ್ತಿದ್ದರು. ಈಗಿನವರು ಮಂಡಿಯೂರಿ, ಎರಡೂ ಪ್ಯಾಡ್ ಅಗಲಿಸಿ ತಳಭಾಗವನ್ನೇ ಮುಚ್ಚಿಬಿಡುತ್ತಾರೆ. ದೂರದಿಂದ ಬರುವ ಪೆಟ್ಟಿಗೆ ಸಂದು ಸಿಗುವುದು ಕಷ್ಟ. ಇಷ್ಟು ಒಪ್ಪಿದ್ದಾಯಿತು, ಇನ್ನು ಜಗಳಕ್ಕೆ ಬರೋಣ.

ಪಾಯಿಂಟ್ ದಾಖಲೆ ಲ್ಯಾರಿ ಮರ್ಫಿಯದು. 1980-81ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಪರ 80 ಪಂದ್ಯಗಳಲ್ಲಿ 16 ಗೋಲು, 60 ಅಸಿಸ್ಟ್, ಒಟ್ಟು 76. ಹುಡುಗ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ದಾಟಿಸುತ್ತಿದ್ದದ್ದು ಯಾರಿಗೆ ಅನ್ನುವುದನ್ನೂ ನೋಡಿ. ಮಾರ್ಸೆಲ್ ಡಿಯೊನ್, ಡೇವ್ ಟೇಲರ್, ಚಾರ್ಲಿ ಸಿಮ್ಮರ್: ಆ ಮೂವರೂ ಆ ವರ್ಷ ತಲಾ ನೂರು ಪಾಯಿಂಟ್ ದಾಟಿದವರು, ಮೂವರ ಗೋಲೇ 161. ತಂಡ ಹೊಡೆದದ್ದು 337. ಹಟ್ಸನ್‌ನ ಮಾಂಟ್ರಿಯಲ್ ತಂಡಕ್ಕೆ ಬಿದ್ದದ್ದು ಸುಮಾರು 245. ಲೆಕ್ಕ ಹಾಕಿ ನೋಡಿ: ಮರ್ಫಿಯ ಕೈ ತಾಗಿದ್ದು ತಂಡದ ಗೋಲುಗಳಲ್ಲಿ ನೂರಕ್ಕೆ 23ರಷ್ಟಕ್ಕೆ, ಹಟ್ಸನ್‌ನದು ನೂರಕ್ಕೆ 27ರಷ್ಟಕ್ಕೆ. ಮರ್ಫಿಯ ಕಾಲದಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ ಸರಾಸರಿ ಏಳೂವರೆ ಗೋಲಿನ ಮೇಲೆ ಬೀಳುತ್ತಿತ್ತು, ಈಗ ಆರರ ಆಸುಪಾಸು. ಆ ಅನುಪಾತದಲ್ಲಿ ತೂಗಿದರೆ 66 ಎಂಬುದು 80ರ ಮೇಲಕ್ಕೆ ಹೋಗುತ್ತದೆ. ಪುಸ್ತಕದಲ್ಲಿ 76 ಹಾಗೇ ಉಳಿದಿದೆ, ಉಳಿಯಲಿ. ಆದರೆ 60 ಅಸಿಸ್ಟ್‌ನ ಸಾಲಿನಲ್ಲಿ ಈಗ ಎರಡು ಹೆಸರಿವೆ.

"ಉಳಿದದ್ದೆಲ್ಲ ಅಸಿಸ್ಟ್" ಎಂದಿರಲ್ಲ, ಅದು ಹುಟ್ಟುವ ಬಗೆ ಕೇಳಿ. ಹಿಂದೆ ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯ ಒಬ್ಬ ಶಿಕ್ಷೆಯಾಗಿ ಹೊರಗೆ ಕೂತಿರುವಾಗ, ಎದುರಾಳಿ ವಲಯದ ಗಡಿಯಾದ ನೀಲಿ ಗೆರೆಯ ಮೇಲೆ ಸಾಮಾನ್ಯವಾಗಿ ಇಬ್ಬರು ಡಿಫೆಂಡರ್‌ಗಳು ನಿಲ್ಲುತ್ತಿದ್ದರು. ಈಗ ಹೆಚ್ಚಿನ ತಂಡಗಳು ಒಬ್ಬನನ್ನು ಮೇಲೆ, ಮೂವರನ್ನು ನಡುವೆ, ಒಬ್ಬನನ್ನು ಗೋಲಿನ ಮುಂದೆ ನಿಲ್ಲಿಸುತ್ತವೆ. ಮೇಲಿನವನೇ ಸೂತ್ರಧಾರ. ಗೋಲಿನ ಗೆರೆಯಿಂದ 64 ಅಡಿ ದೂರದಲ್ಲಿ, ನೀಲಿ ಗೆರೆಗೆ ಅಂಟಿಕೊಂಡಂತೆ ಅಡ್ಡಡ್ಡ ಜಾರುತ್ತಾನೆ, ಕಣ್ಣು ಪಕ್ಕಿನ ಮೇಲಿಲ್ಲ, ಎದುರಿಗೆ ನಿಂತವನ ಸೊಂಟದ ಮೇಲೆ. ಅವನು ಎರಡು ಹೆಜ್ಜೆ ಸರಿದರೆ ಒಂದು ದಾರಿ ತೆರೆಯುತ್ತದೆ. ಆಗ ಕೋಲು ಹಿಂದಕ್ಕೆತ್ತಿ ಸ್ಲ್ಯಾಪ್ ಶಾಟ್ ಹೊಡೆಯಹೊರಟರೆ ಕೆಟ್ಟಿತು. ಅಷ್ಟರಲ್ಲಿ ಎದುರಾಳಿ ಅಡ್ಡ ಬಿದ್ದಿರುತ್ತಾನೆ, ಪಕ್ ಅವನ ಮೊಣಕಾಲಿಗೆ ಬಡಿದು ಹಿಂದಕ್ಕೆ ಚಿಮ್ಮುತ್ತದೆ, ಕೊನೆಯ ಆಳು ನೀವೇ ಆದ್ದರಿಂದ ಎದುರಾಳಿಯ ಮುಂದೆ ಬಯಲೇ ಬಯಲು. ಬಲ್ಲವನು ಮಣಿಕಟ್ಟಿನಿಂದ, ಮಂಜಿನಿಂದ ಒಂದಡಿ ಎತ್ತರದಲ್ಲಿ, ಗೋಲಿನ ಮುಂದಿರುವ ತನ್ನವನ ಕೋಲಿಗೆ ಕಳಿಸುತ್ತಾನೆ. ಅಲ್ಲಿ ತಾಗಿ ತಿರುಗಿದರೆ ಗೋಲು ಅವನದು, ಅಸಿಸ್ಟ್ ಇವನದು. ಅದೇ ನೀಲಿ ಗೆರೆಯಿಂದ ಪಕ್ ಅರ್ಧ ಅಡಿ ಆಚೆ ಜಾರಿತೋ, ಐವರೂ ಹೊರಗೆ ಬಂದು ಮತ್ತೆ ನುಗ್ಗಬೇಕು. ಎರಡು ನಿಮಿಷದ ಪವರ್ ಪ್ಲೇಯಲ್ಲಿ ಇದು ಸಣ್ಣ ನಷ್ಟವಲ್ಲ. ಹೊಸಬ ಇಂಥ ತಪ್ಪು ಎರಡು ಸಲ ಮಾಡಿದರೆ ಕೋಚ್ ಬೆಂಚಿಗೆ ಕೂರಿಸುತ್ತಾನೆ, ಅಲ್ಲಿಗೆ ಆ ಜಾಗವೂ ಹೋಯಿತು, ದಾಖಲೆಯ ಮಾತೂ ಹೋಯಿತು.

ಎಷ್ಟು ಪಂದ್ಯ ಆಡಿದ ಎಂಬುದೂ ಇದೆ. ಲೀಚ್ 71 ಪಾಯಿಂಟ್ ತೆಗೆದದ್ದು 68 ಪಂದ್ಯಗಳಲ್ಲಿ. 80 ಆಡಿದ್ದರೆ ಮರ್ಫಿಯ ಹೆಸರು ಅಂದೇ ಕೆಳಗಿಳಿಯುತ್ತಿತ್ತು. 2019-20ರಲ್ಲಿ ಕೊಲೊರಾಡೊದ ಕೇಲ್ ಮಕಾರ್ 57 ಪಂದ್ಯಗಳಲ್ಲಿ 50 ತೆಗೆದ, 82ಕ್ಕೆ ಹಿಗ್ಗಿಸಿದರೆ 72. ಅಂದರೆ ಬೇಕಾದ್ದು ಮೂರು: ಮೊದಲ ದಿನದಿಂದ ಪವರ್ ಪ್ಲೇಯ ಜಾಗ, ಗೋಲು ಹೊಡೆಯಬಲ್ಲ ಮುಂಚೂಣಿ, ಮುರಿಯದ ಮೈ. ಮೂರೂ ಒಂದೇ ಚಳಿಗಾಲದಲ್ಲಿ ಕೂಡಿಬರಲಿ, 77 ಆದೀತು. ನಾನು ಹುಡುಗರ ಕಡೆಯವನು.

ನಿಮ್ಮ ಮೇಲೆ ಸಣ್ಣ ಕೋಪವೂ ಇದೆ. ಹಟ್ಸನ್ ಐದು ಅಡಿ ಒಂಬತ್ತು ಅಂಗುಲದವನು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2022ರಲ್ಲಿ, 61 ಜನರನ್ನು ಆರಿಸಿದ ಮೇಲೆ ಅವನ ಸರದಿ ಬಂತು. ಡಿಫೆಂಡರ್ ಎಂದರೆ ಬಾಗಿಲ ಚೌಕಟ್ಟು ತುಂಬುವ ಆಳು ಎಂದು ಟೇಪು ಹಿಡಿದವರು ಅವನನ್ನು ಹಿಂದಕ್ಕೆ ತಳ್ಳಿದರು. ವರ್ಷದ ಶ್ರೇಷ್ಠ ಹೊಸಬನಿಗೆ ಕೊಡುವ ಕಾಲ್ಡರ್ ಪ್ರಶಸ್ತಿ ಕೊನೆಗೆ ಅವನ ಮನೆಗೇ ಹೋಯಿತು. ಅವರು ಎತ್ತರ ಅಳೆದರು, ನೀವು ಗೋಲು ಎಣಿಸಿದಿರಿ. ಅಂದಹಾಗೆ ಮರ್ಫಿಗೆ ಆ 76ಕ್ಕೆ ಕಾಲ್ಡರ್ ಸಿಗಲಿಲ್ಲ. 109 ಪಾಯಿಂಟ್ ತೆಗೆದ ಪೀಟರ್ ಸ್ಟಾಸ್ಟ್ನಿ ಒಯ್ದ. ಚೆಕೊಸ್ಲೊವಾಕಿಯಾದ ರಾಷ್ಟ್ರೀಯ ತಂಡದಲ್ಲಿ ಪಳಗಿ ಬಂದವನೂ ಅಲ್ಲಿ 'ಹೊಸಬ'!

ನಮ್ಮ ಹುಲ್ಲಿನ ಹಾಕಿಯೂ ಇದರಲ್ಲಿ ಸಾಚಾ ಅಲ್ಲ. ಕೊಡಗಿನ ವಿ. ಆರ್. ರಘುನಾಥ್ ಡಿಫೆಂಡರ್, ಆದರೆ ಜನ ನೆನೆಯುವುದು ಅವರ ಡ್ರ್ಯಾಗ್ ಫ್ಲಿಕ್ ಅನ್ನು. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್‌ಪೋಸ್ಟಿನಿಂದ 10 ಮೀಟರ್ ದೂರದ ಗುರುತಿನಲ್ಲಿ ಒಬ್ಬ ಚೆಂಡು ತಳ್ಳುತ್ತಾನೆ, ವೃತ್ತದ ಹೊರಗೆ ಇನ್ನೊಬ್ಬ ಅದನ್ನು ಪುಟಿಯದಂತೆ ನಿಲ್ಲಿಸುತ್ತಾನೆ, ಮೂರನೆಯವನು ಎಳೆದು ಎಸೆಯುತ್ತಾನೆ. ನಿಲ್ಲಿಸಿದವನ ಕೋಲಿನಿಂದ ಚೆಂಡು ಒಂದು ಗೇಣು ಜಿಗಿದರೂ ಫ್ಲಿಕ್ ಹಾಳು. ಮರುದಿನ ನಮ್ಮ ಪತ್ರಿಕೆಗಳಲ್ಲಿ ಮೂರನೆಯವನ ಹೆಸರು, 34ನೇ ನಿಮಿಷ ಎಂದು. ಐಸ್ ಹಾಕಿಯಲ್ಲಾದರೆ ಉಳಿದ ಇಬ್ಬರಿಗೂ ತಲಾ ಒಂದು ಪಾಯಿಂಟ್ ಬರೆದುಕೊಳ್ಳುತ್ತಿದ್ದರು.