ವೇಳಾಪಟ್ಟಿ ಮಡಚಿಡಿ, ಬೆಂಚು ಹುಡುಕಿ

ಓದುಗರೊಬ್ಬರು ಬರೆದಿದ್ದಾರೆ: "ಮುಂದಿನ ತಿಂಗಳು ಮನೆಮಂದಿಯೆಲ್ಲ ಒಂದು ದೊಡ್ಡ ಥೀಮ್ ಪಾರ್ಕ್ ರೆಸಾರ್ಟ್‌ಗೆ ಹೊರಟಿದ್ದೇವೆ. ಆ ಜಾಗ ನಮಗ್ಯಾರಿಗೂ ಗೊತ್ತಿಲ್ಲ. ಯೂಟ್ಯೂಬ್‌ನಲ್ಲಿ ಎಲ್ಲ ರೈಡ್‌ಗಳನ್ನೂ ನೋಡಿ ಮುಗಿಸಿದ್ದೇವೆ. ನನ್ನ ಮೈದುನ ಬೆಳಗ್ಗೆ 6ರಿಂದ ರಾತ್ರಿ 11ರವರೆಗೆ, 15 ನಿಮಿಷಕ್ಕೊಂದು ಕೆಲಸ ಅಂತ ಎಕ್ಸೆಲ್‌ನಲ್ಲಿ ವೇಳಾಪಟ್ಟಿ ಮಾಡಿದ್ದಾನೆ. ಮಂಡಿನೋವಿರುವ ನಮ್ಮ ಅತ್ತೆ, 'ಸುಮ್ನೆ ಹೋಗಿ ನೋಡ್ಕೊಂಡು ಬರೋಣ' ಅನ್ನುತ್ತಾರೆ. ಮಗಳಿಗೆ 6 ವರ್ಷ. ಯಾರ ಮಾತು ಕೇಳಲಿ? ಟಿಪ್ಸ್ ಇದ್ದರೆ ಕೊಡಿ."

ಅತ್ತೆಯ ಮಾತು ಕೇಳಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ಸಂಪಾದಕ ಹೇಗಾದೇನು?

ಮೈದುನನಿಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಇಂಥ ಜಾಗಕ್ಕೆ ಏನೂ ಗೊತ್ತಿಲ್ಲದೆ ಹೋಗಬಾರದು, ನಿಜ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಸುಮಾರು 100 ಚದರ ಕಿಲೋಮೀಟರ್ ಇದೆ. ಅದರೊಳಗೆ ಥೀಮ್ ಪಾರ್ಕ್‌ಗಳೇ 4. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಲ್ಲಿ ಬಂದವರು ಕಾರು ನಿಲ್ಲಿಸಿದ ಮೇಲೂ ಮೋನೋರೈಲೋ ದೋಣಿಯೋ ಹತ್ತಿ ಬಾಗಿಲು ಮುಟ್ಟಬೇಕು. ಹೊಸಬರ ಬೆಳಗಿನ ಹೊತ್ತು ಕರಗುವುದು ಇಲ್ಲೇ. ಹಾಗಾಗಿ ನಕ್ಷೆ ನೋಡಿಟ್ಟುಕೊಳ್ಳಿ. ಯಾವ ರೈಡ್ ದುರಸ್ತಿಗೆಂದು ಮುಚ್ಚಿದೆ ಅಂತ ಮೊದಲೇ ತಿಳಿದುಕೊಳ್ಳಿ. ಮಗಳ ಎತ್ತರ ಮನೆಯಲ್ಲೇ ಅಳೆಯಿರಿ. ಅದೇ ಮ್ಯಾಜಿಕ್ ಕಿಂಗ್‌ಡಮ್‌ನ ಸ್ಪೇಸ್ ಮೌಂಟನ್‌ಗೆ ಕನಿಷ್ಠ 112 ಸೆಂಟಿಮೀಟರ್ ಬೇಕು. ಒಂದು ಸೆಂಟಿಮೀಟರ್ ಕಡಿಮೆಯಾದರೂ ಬಿಡುವುದಿಲ್ಲ. ಈ ಸುದ್ದಿ ಮಗುವಿಗೆ ನಿಮ್ಮ ಬಾಯಿಂದ ಮೊದಲೇ ಗೊತ್ತಾಗಲಿ, ಅಳತೆಕೋಲಿನ ಮುಂದೆ ಅಲ್ಲ. ಮಗುವನ್ನು ಬಿಡದ ರೈಡ್‌ಗೆ ದೊಡ್ಡವರು ಸರದಿ ಮೇಲೆ ಹೋಗಲು ದೊಡ್ಡ ಪಾರ್ಕ್‌ಗಳಲ್ಲಿ ವ್ಯವಸ್ಥೆ ಇರುತ್ತದೆ. ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು ಮತ್ತೆ ಸಾಲಿನ ಬಾಲ ಹಿಡಿಯಬೇಕಿಲ್ಲ. ಬಾಗಿಲು ತೆರೆದ ಮೊದಲ ಗಂಟೆಯಲ್ಲೂ ಮುಚ್ಚುವ ಮೊದಲಿನ ಗಂಟೆಯಲ್ಲೂ ಸಾಲು ಚಿಕ್ಕದು. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಒಂದು ಜಾಗ ಗೊತ್ತು ಮಾಡಿಕೊಳ್ಳಿ.

ಇದೆಲ್ಲ ಒಂದು ಚೀಟಿಯಲ್ಲಿ ಹಿಡಿಸುತ್ತದೆ. ಎಕ್ಸೆಲ್ ಯಾಕೆ?

ನಮ್ಮ ಕಚೇರಿಯಲ್ಲಿ ಹಿಂದೆ ಇದ್ದ ಒಬ್ಬರು ಇಂಥದ್ದೇ ಪಟ್ಟಿ ಮಾಡಿ, ಲ್ಯಾಮಿನೇಟ್ ಮಾಡಿಸಿ, ಕೊರಳಿಗೆ ನೇತುಹಾಕಿಕೊಂಡು ಹೋಗಿದ್ದರು. ಅದರಲ್ಲಿ ಮೂತ್ರಕ್ಕೂ ಸಮಯ ನಿಗದಿಯಾಗಿತ್ತು. ಬೆಳಗ್ಗೆ ಎರಡನೇ ರೈಡೇ ಕೆಟ್ಟು ನಿಂತಿತು. ಅಲ್ಲಿಂದ ಮುಂದಿನ ಎಲ್ಲ ಖಾನೆಗಳೂ ಉರುಳಿಬಿದ್ದವು. ಗಂಡ ಹೆಂಡತಿ ರಾತ್ರಿ ಊಟದವರೆಗೂ ಮಾತಾಡಲಿಲ್ಲವಂತೆ. ರೈಡ್ ಕೆಡುವುದು ಅಪರೂಪದ ಸಂಗತಿಯೇನಲ್ಲ. ಮಳೆ ಗುಡುಗು ಬಂದರೂ ಬಯಲಿನ ರೈಡ್‌ಗಳು ನಿಲ್ಲುತ್ತವೆ. ಹದಿನೈದು ನಿಮಿಷದ ಲೆಕ್ಕಕ್ಕೆ ಅದು ತಿಳಿಯುತ್ತದೆಯೇ?

ಪಾರ್ಕ್ ಕಟ್ಟಿದ ವಾಲ್ಟ್ ಡಿಸ್ನಿಗೇ ಲೆಕ್ಕ ಕೈಕೊಟ್ಟಿತ್ತು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ನಕಲಿ ಟಿಕೆಟ್ ಹಿಡಿದವರೆಲ್ಲ ನುಗ್ಗಿದರು. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಕೊಂಡಿತು. ಕೊಳಾಯಿ ಕೆಲಸಗಾರರ ಮುಷ್ಕರದಿಂದ ಕುಡಿಯುವ ನೀರಿಗೂ ಪರದಾಟ. ಆದರೂ ಪಾರ್ಕ್ ಬದುಕಿತು.

ಆ ಪಾರ್ಕ್ ಹುಟ್ಟಿದ್ದಾದರೂ ಎಲ್ಲಿ ಗೊತ್ತಾ? ಒಂದು ಬೆಂಚಿನ ಮೇಲೆ. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕ್‌ನಲ್ಲಿ ತಮ್ಮ ಹೆಣ್ಣುಮಕ್ಕಳು ತಿರುಗುವ ಕುದುರೆ ಮೇಲೆ ಕೂತಿದ್ದಾಗ, ವಾಲ್ಟ್ ಡಿಸ್ನಿ ಬೆಂಚಿನಲ್ಲಿ ಕಡಲೆಕಾಯಿ ತಿನ್ನುತ್ತ ಕೂತಿದ್ದರಂತೆ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಖುಷಿಪಡುವ ಜಾಗ ಇರಬಾರದೇ ಅಂತ ಆಗ ಅನಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಬೆಂಚಿನಿಂದ ಹುಟ್ಟಿದ ಪಾರ್ಕ್‌ನಲ್ಲಿ ಬೆಂಚಿನ ಮೇಲೆ ಕೂರುವುದನ್ನು ನಾವು ಸಮಯ ಹಾಳು ಅನ್ನುತ್ತೇವೆ!

ನಿಮ್ಮ ಅತ್ತೆ ಕೇಳುತ್ತಿರುವುದು ಹಳೆಯ, ಒಳ್ಳೆಯ ಪದ್ಧತಿ. ಕೋಪನ್‌ಹೇಗನ್‌ನ ತಿವೋಲಿ ಪಾರ್ಕ್ 1843ರಿಂದ ಇದೆ. ಅಲ್ಲಿಗೆ ಹೂವಿನ ತೋಟ, ಕೆರೆ, ಸಂಜೆಯ ದೀಪ ನೋಡಲಿಕ್ಕೆಂದೇ ಹೋಗುವವರಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಎಫ್ಟೆಲಿಂಗ್ ಪಾರ್ಕ್ 1952ರಲ್ಲಿ ಶುರುವಾದದ್ದು ಕಥೆಗಳ ಕಾಡಿನಿಂದ. ಅಲ್ಲಿ ಬಾಯಿ ತೆರೆದು ಕಾಗದ ಕೇಳುವ ಡೊಳ್ಳುಹೊಟ್ಟೆಯ ಕಸದ ಬುಟ್ಟಿಯಿದೆ. ಚೂರು ಕಾಗದ ಹಿಡಿದರೆ ಎಳೆದುಕೊಂಡು 'ಥ್ಯಾಂಕ್ಸ್' ಹೇಳುತ್ತದೆ. ಮಕ್ಕಳು ಅದಕ್ಕೆ ತಿನ್ನಿಸಲು ಕಸ ಹುಡುಕಿಕೊಂಡು ಓಡುತ್ತಾರೆ. ನಿಮ್ಮ ಮೈದುನನ ಪಟ್ಟಿಯಲ್ಲಿ ಕಸದ ಬುಟ್ಟಿಗೆ ಎಷ್ಟು ನಿಮಿಷ ಇದೆ, ಕೇಳಿ ನೋಡಿ.

ನಿಮ್ಮನ್ನೂ ಸ್ವಲ್ಪ ಬೈಯಬೇಕು. ಎಲ್ಲ ರೈಡ್‌ಗಳ ವಿಡಿಯೋ ನೋಡಿ ಮುಗಿಸಿದ್ದೀರಿ ಅಂತೀರಿ. ಹಾಗಾದರೆ ಹೋಗುವುದು ಯಾಕೆ? ಕತ್ತಲಲ್ಲಿ ಯಾವ ತಿರುವಿಗೆ ಯಾವ ಗೊಂಬೆ ಎದ್ದು ನಿಲ್ಲುತ್ತದೆ ಅಂತ ಮಗುವಿಗೆ ಮೊದಲೇ ಗೊತ್ತಿದ್ದರೆ ಅದು ಕಿರುಚುವುದಾದರೂ ಹೇಗೆ?

ಸಾಲಿನ ಬಗ್ಗೆಯೂ ಒಂದು ಮಾತು. ಡೇವಿಡ್ ಮೈಸ್ಟರ್ ಎಂಬುವರು 1985ರಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಬರೆದರು. ಮಾಡಲು ಏನೂ ಇಲ್ಲದೆ ಕಾದರೆ ಹೊತ್ತು ಉದ್ದ, ಒಬ್ಬರೇ ಕಾದರೆ ಇನ್ನೂ ಉದ್ದ, ಅನ್ಯಾಯ ಆಗ್ತಿದೆ ಅನಿಸಿದರೆ ಕೇಳಲೇಬೇಡಿ. ಮೊದಲ ಎರಡಕ್ಕೂ ನಿಮ್ಮ ಬಳಿ ಮದ್ದಿದೆ: ಅತ್ತೆಗೆ ಕಥೆ ಬರುತ್ತವೆ ಅಲ್ವಾ? ಮೂರನೆಯದಕ್ಕೆ ಮಾತ್ರ ಪಾರ್ಕ್‌ನವರೇ ಹೊಣೆ. ಡಿಸ್ನಿ ಕಂಪನಿ 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಉಚಿತ. ಯಾರು ಬೇಕಾದರೂ ಚೀಟಿ ತೆಗೆದುಕೊಂಡು ಹೇಳಿದ ಹೊತ್ತಿಗೆ ಬರಬಹುದಿತ್ತು. ಅಮೆರಿಕದ ಪಾರ್ಕ್‌ಗಳಲ್ಲಿ 2021ರಲ್ಲಿ ಅದು ಹೋಗಿ, ದುಡ್ಡು ಕೊಟ್ಟು ಮುಂದೆ ಹೋಗುವ ದಾರಿ ಬಂತು. ಪ್ರವೇಶಕ್ಕೊಂದು ದುಡ್ಡು, ಕಾಯದಿರಲು ಇನ್ನೊಂದು. ಕೊಳ್ಳಬೇಡಿ ಅನ್ನಲ್ಲ, ಮಂಡಿನೋವು ಇದ್ದಾಗ ಕೊಳ್ಳುವುದೇ ಸರಿ. ಆದರೆ ಅದಕ್ಕೂ ಆ್ಯಪ್ ಬೇಕು. ಊಟಕ್ಕೂ ಆ್ಯಪ್, ನಕ್ಷೆಗೂ ಆ್ಯಪ್. ಕೋಟೆಯ ಮುಂದೆ ನಿಂತವರೆಲ್ಲ ತಲೆ ತಗ್ಗಿಸಿ ಅಂಗೈ ನೋಡುತ್ತಾರೆ. ರಜೆ ಹಾಕಿ ಬಂದು ಮತ್ತದೇ ಕಚೇರಿ ಕೆಲಸ: ಗುರಿ, ಗಡುವು, ಎಷ್ಟು ಮುಗಿಯಿತು ಎಂಬ ವರದಿ. ಈಗಿನವರು ದೇವಸ್ಥಾನ, ಸಮುದ್ರ, ಮದುವೆಮನೆ, ಎಲ್ಲವನ್ನೂ ಹೀಗೇ 'ಕವರ್' ಮಾಡುತ್ತಾರೆ.

ಮಧ್ಯಾಹ್ನ ರೂಮಿಗೆ ವಾಪಸ್ ಬಂದು ಮಲಗಿ. ರೆಸಾರ್ಟ್ ಒಳಗೇ ಉಳಿಯಲು ಜಾಸ್ತಿ ದುಡ್ಡು ಕೊಟ್ಟಿರುವುದು ಅದಕ್ಕೇ. ಬಿಸಿಲೂ ಜನವೂ ಹೆಚ್ಚಿರುವ ಹೊತ್ತು ಅದು. ಸಂಜೆ ಮತ್ತೆ ಹೋಗಿ. ದಿನಕ್ಕೆ ಎರಡೋ ಮೂರೋ ರೈಡ್ ಮಗಳೇ ಆರಿಸಲಿ, ಉಳಿದದ್ದು ಸಿಕ್ಕರೆ ಸಿಕ್ಕಿತು.

ಅತ್ತೆಗೆ ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಳ್ಳಿ. ಬಾಗಿಲ ಹತ್ತಿರವೇ ಸಿಗುತ್ತದೆ, ಬೇಗ ಖಾಲಿಯಾಗುವುದೂ ಉಂಟು. ಬೇಡ ಅಂದರೂ ಕೇಳಬೇಡಿ, ಅಲ್ಲಿನ ನಡಿಗೆ ಸಾಮಾನ್ಯದ್ದಲ್ಲ. ತಳ್ಳುವ ಕೆಲಸ ಮೈದುನನಿಗೇ ಇರಲಿ. ಎರಡೂ ಕೈ ಕುರ್ಚಿ ಮೇಲಿದ್ದರೆ ಎಕ್ಸೆಲ್ ತೆಗೆಯಲು ಆಗುವುದಿಲ್ಲ.