ಮೊದಲ ಮಳೆಗೇ ಕೊಟ್ಟಿಗೆ ಹಿಂದೆ ಹಾವಿನ ಮರಿಗಳು: ಪ್ರತಿಕ್ರಿಯೆ

ನಿಮ್ಮ ಕೊಟ್ಟಿಗೆ ಹಿಂದೆ, ಗೊಬ್ಬರ ಗುಂಡಿ ಬದಿಯ ಇಲಿಬಿಲದಲ್ಲೇ ಹಾವಿನ ಮೊಟ್ಟೆ ಒಡೆದಿರಬೇಕು. ಮುಂಗಾರಿನ ಮೊದಲ ವಾರ ಗೇಣುದ್ದದ ಮೂರು ಮರಿ ಕಂಡವು ಅಂದಿದ್ದೀರಿ, ಅವು ನಾಗರಹಾವಿನವಾದರೆ ಕಾಲ ಸರಿಹೊಂದುತ್ತದೆ. ನಾಗರಹಾವು ಏಪ್ರಿಲ್ ಆಸುಪಾಸು 10ರಿಂದ 30 ಮೊಟ್ಟೆ ಇಡುತ್ತದೆ, ಸುಮಾರು ಎರಡು ತಿಂಗಳಿಗೆ ಮರಿ. ಅಷ್ಟೊತ್ತಿಗೆ ಮಳೆ ಹಿಡಿದು, ಆಗಷ್ಟೇ ಬಾಲ ಕಳೆದುಕೊಂಡ ಕಪ್ಪೆಮರಿಗಳು ಅಂಗಳದ ತುಂಬ ಕುಪ್ಪಳಿಸುತ್ತಿರುತ್ತವೆ. ಮರಿಹಾವಿನ ಬಾಯಿಗೆ ಹೇಳಿ ಮಾಡಿಸಿದ ಗಾತ್ರ. ತಾಯಿ ಹತ್ತಿರದಲ್ಲೇ ಇದೆಯಾ ಅಂತ ಕೇಳಿದ್ದೀರಿ. ಮೊಟ್ಟೆ ಒಡೆಯುವವರೆಗೆ ಕಾಯಬಹುದು, ಮರಿಗಳನ್ನಂತೂ ಸಾಕುವುದಿಲ್ಲ.

ಆದರೆ ಬರೀ ವರ್ಣನೆ ಓದಿ ಜಾತಿ ಹೇಳಲಾರೆ. ನೀರುಹಾವಿನ ಮರಿಯೂ ಇರಬಹುದು. ಕೊಳಕುಮಂಡಲ ನೇರವಾಗಿ ಮರಿ ಹಾಕುತ್ತದೆ, ಅದೂ ಇದೇ ಕಾಲಕ್ಕೆ. ನಾಗರ, ಮಂಡಲ ಎರಡರ ಮರಿಗೂ ಹುಟ್ಟಿದಾಗಲೇ ವಿಷ ಇರುತ್ತದೆ, ದಯವಿಟ್ಟು ಕೈ ಹಾಕಬೇಡಿ.

ಮೊದಲು ದೂರದಿಂದ ಫೋಟೋ ತೆಗೆದು ಹಾವು ಹಿಡಿಯುವವರಿಗೆ ಕಳಿಸಿ. ಯಾರೂ ಪರಿಚಯ ಇಲ್ಲದಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಅವರು ಬಂದಾಗ ಬಿಲ ನೋಡಿಸಿ. ನಮ್ಮಲ್ಲಿ ಹೀಗೇ ಬಿಲ ನೋಡಿಸಿದಾಗ ಸಿಕ್ಕಿದ್ದು ತೊಗಲಿನಂತೆ ಮುದುಡಿದ ಚಿಪ್ಪುಗಳು, ಒಂದೊಂದರಲ್ಲೂ ಬ್ಲೇಡಿನಲ್ಲಿ ಸೀಳಿದಂಥ ಗೆರೆ. ಎಣಿಸಿದರೆ ಎಷ್ಟು ಮರಿ ಹೊರಟಿವೆ ಅಂತ ಅಂದಾಜು ಸಿಗುತ್ತದೆ. ಆಮೇಲೆ ಸೌದೆ ರಾಶಿಯನ್ನು ನೆಲದಿಂದ ಎತ್ತರಿಸಿ, ಇಲಿಬಿಲ ಮುಚ್ಚಿಸಿ. ರಾತ್ರಿ ಟಾರ್ಚ್ ಇಲ್ಲದೆ ಕೊಟ್ಟಿಗೆಗೆ ಹೋಗಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು ಬೇಡ, ತಕ್ಷಣ 108.