‘ಸ್ಮೋಕ್ ಆನ್ ದ ವಾಟರ್’ ಹಾಡಿನ ಹೊಗೆ ಎಲ್ಲಿಯದು, ಅದರಲ್ಲಿ ಬರುವ ಕ್ಲಾಡ್ ಯಾರು?

ಡೀಪ್ ಪರ್ಪಲ್ ಎಂಬ ರಾಕ್ ಸಂಗೀತ ತಂಡದ ಈ ಹಾಡಿನ ಹೊಗೆ ರೂಪಕವಲ್ಲ, ತಂಡದವರು ಕಣ್ಣಾರೆ ಕಂಡದ್ದು. 1971ರ ಡಿಸೆಂಬರಿನಲ್ಲಿ ಈ ಇಂಗ್ಲಿಷ್ ತಂಡವು, ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಧ್ವನಿಮುದ್ರಣ ವಾಹನವನ್ನು ಬಾಡಿಗೆಗೆ ಪಡೆದು, ‘ಮೆಷೀನ್ ಹೆಡ್’ ಆಲ್ಬಮ್ಮಿನ ಮುದ್ರಣಕ್ಕೆಂದು ಸ್ವಿಟ್ಜರ್ಲೆಂಡಿನ ಮಾಂಟ್ರೂ ಪಟ್ಟಣದ ಕ್ಯಾಸಿನೊಗೆ ಬಂದಿತ್ತು. ಡಿಸೆಂಬರ್ 4ರಂದು ಅಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಅವರ ಸಂಗೀತ ಕಛೇರಿ ನಡೆಯುತ್ತಿದ್ದಾಗ, ಸಭಿಕನೊಬ್ಬ ಛಾವಣಿಯತ್ತ ಹಾರಿಸಿದ ಫ್ಲೇರ್ ಗನ್ನಿನಿಂದ (ಉರಿಯುವ ಸಂಕೇತ ಬೆಳಕನ್ನು ಹಾರಿಸುವ ಪಿಸ್ತೂಲು) ಬೆಂಕಿ ಹತ್ತಿ ಇಡೀ ಕಟ್ಟಡವೇ ಸುಟ್ಟುಹೋಯಿತು. ಅದರ ಹೊಗೆ ಜಿನೀವಾ ಸರೋವರದ ಮೇಲೆ ಹರಡಿಕೊಂಡಿತು. ಬಾಸ್ ವಾದಕ ರೋಜರ್ ಗ್ಲೋವರ್ ಅವರಿಗೆ ಕೆಲವು ದಿನಗಳ ನಂತರ ನಿದ್ದೆಯಿಂದ ಏಳುವಾಗ ಹಾಡಿನ ಶೀರ್ಷಿಕೆ ಹೊಳೆಯಿತು.

ಹಾಡಿನ ‘ಫಂಕಿ ಕ್ಲಾಡ್’ ಎಂದರೆ ಮಾಂಟ್ರೂ ಜಾಝ್ ಉತ್ಸವದ ಸ್ಥಾಪಕರಲ್ಲೊಬ್ಬರಾದ ಕ್ಲಾಡ್ ನಾಬ್ಸ್. ಉರಿಯುವ ಕಟ್ಟಡದೊಳಗಿದ್ದವರನ್ನು ಹೊರತರಲು ಅವರು ನೆರವಾದುದನ್ನು ಹಾಡು ಹೆಸರು ಹಿಡಿದೇ ಸ್ಮರಿಸುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದರ ಅತ್ಯಂತ ಮಾನವೀಯ ಸಾಲು ಅದೇ. ಕೊನೆಯ ಚರಣದಲ್ಲಿ ಬರುವ ತಣ್ಣನೆಯ, ಖಾಲಿ ‘ಗ್ರ್ಯಾಂಡ್ ಹೋಟೆಲ್’ ಕೂಡ ನಿಜವಾದದ್ದು: ಚಳಿಗಾಲಕ್ಕೆ ಮುಚ್ಚಿದ್ದ ಆ ಹೋಟೆಲಿನ ಕಾರಿಡಾರಿನಲ್ಲೇ ಆಲ್ಬಮ್ಮಿನ ಹೆಚ್ಚಿನ ಭಾಗದ ಮುದ್ರಣ ನಡೆಯಿತು.